ಹಣ ಕೊಟ್ಟ ನೀರು ನನ್ನದೇ?

ದುಂದುಗಾರನನ್ನು ಕಂಡರೆ 'ನೀರಿನಂತೆ ಖರ್ಚು ಮಾಡುತ್ತಾನೆ' ಎನ್ನುವುದು ನಮ್ಮ ಆಡುಮಾತು. ಲೆಕ್ಕವಿಡಬೇಕಾಗಿಲ್ಲದ ವಸ್ತುವಿಗೆ ನೀರೇ ಉಪಮಾನ ಎಂಬ ಭಾವನೆ ಈ ಮಾತಿನಲ್ಲಿ ಅಡಗಿದೆ. ನಗರದ ಜಲನೀತಿಯನ್ನು ರೂಪಿಸುವವರು ಸಚಿವರು ಮತ್ತು ಎಂಜಿನಿಯರುಗಳು ಮಾತ್ರ ಎಂದು ನಾವು ತಿಳಿದಿದ್ದೇವೆ. ಆದರೆ ಜನರು ಯಾವುದನ್ನು ಒಪ್ಪುತ್ತಾರೆ, ಯಾವುದನ್ನು ಸಹಿಸುವುದಿಲ್ಲ ಎಂಬುದನ್ನು ನೋಡಿಕೊಂಡೇ ಪ್ರತಿಯೊಂದು ಸರ್ಕಾರವೂ ನಿಯಮವನ್ನು ಬರೆಯುತ್ತದೆ. ಆದ್ದರಿಂದ ನೀತಿಯ ಮೊದಲ ಕರಡು ಸಿದ್ಧವಾಗುವುದು ನಮ್ಮ ಮನಸ್ಸಿನಲ್ಲಿಯೇ.

ಬೆಂಗಳೂರನ್ನೇ ನೋಡೋಣ. ಬಾವಿಯಿಂದ ನೀರು ಸೇದುತ್ತಿದ್ದ ಕಾಲದಲ್ಲಿ, ಎಷ್ಟು ಹಗ್ಗ ಇಳಿಯಿತೆಂಬುದರಿಂದಲೇ ನೀರಿನ ಮಟ್ಟ ತಿಳಿಯುತ್ತಿತ್ತು. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತದ ನೀರು ನಗರಕ್ಕೆ ಬಂತು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯ ಕಡೆಯಿಂದ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ, ಈ ನೀರನ್ನು ವಿದ್ಯುತ್ ಬಲದಿಂದ ಏರಿಸಬೇಕು. ನಲ್ಲಿ ತಿರುಗಿಸುವ ಕೈಗೆ ಆ ಭಾರದ ಅರಿವಾಗುವುದಿಲ್ಲ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಉದ್ಘಾಟನೆಗೊಂಡಿತು; ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಹೊರವಲಯದ ಹಳ್ಳಿಗಳಿಗೆ ಆ ನೀರು ಬೇಕೇ ಬೇಕಾಗಿತ್ತು. ಆದರೂ ಒಂದು ಮಾತು ನಿಜ: ಹೊಸ ಕೊಳವೆಗೆ ಜನರ ಚಪ್ಪಾಳೆ ಸಿಗುತ್ತದೆ, ಬಳಕೆಯನ್ನು ತಗ್ಗಿಸಿ ಎಂಬ ಆದೇಶಕ್ಕೆ ಸಿಗುವುದು ಗೊಣಗಾಟ.

2009ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು ನಗರದಲ್ಲಿ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಲಾಯಿತು. ಹಳೆಯ ಕಟ್ಟಡಗಳಲ್ಲಿ 2,400 ಚದರ ಅಡಿ, ಹೊಸದರಲ್ಲಿ 1,200 ಚದರ ಅಡಿ ನಿವೇಶನವುಳ್ಳವರೆಲ್ಲ ಅದಕ್ಕೆ ಒಳಪಟ್ಟರು. ಅಳವಡಿಸದವರ ನೀರಿನ ಬಿಲ್ಲಿಗೆ ದಂಡ ಸೇರಿತು. ಅನೇಕರು ಛಾವಣಿಗೆ ಕೊಳವೆ ಜೋಡಿಸುವ ಬದಲು ದಂಡವನ್ನೇ ಕಟ್ಟುತ್ತ ಹೋದರು. ದಂಡವೆಂಬುದು ತಪ್ಪಿನ ಎಚ್ಚರಿಕೆಯಾಗುವ ಬದಲು ಅನುಮತಿಯ ಶುಲ್ಕವಾಯಿತು. 'ಹಣ ಕೊಟ್ಟಿದ್ದೇನೆ, ಇನ್ನೇನು?' ಎಂಬ ಪ್ರಶ್ನೆಯಲ್ಲಿ ನಮ್ಮ ಕಾಲದ ನೈತಿಕ ರೋಗವೊಂದು ಕಾಣುತ್ತದೆ.

ಪ್ರಿಯ ಓದುಗರೇ, ಆ ಹಣದ ಲೆಕ್ಕವನ್ನೂ ನೋಡೋಣ. ಬೆಂಗಳೂರಿನಲ್ಲಿ 2014ರ ನಂತರ ನೀರಿನ ದರ ಪರಿಷ್ಕರಣೆಯಾದದ್ದು 2025ರ ಏಪ್ರಿಲಿನಲ್ಲಿ. ನಡುವಿನ ವರ್ಷಗಳಲ್ಲಿ ಮನೆಬಳಕೆಯ ಮೊದಲ 8,000 ಲೀಟರಿಗೆ ಇದ್ದ ದರ, 1,000 ಲೀಟರಿಗೆ ಕೇವಲ 7 ರೂಪಾಯಿ. ದರ ಏರಿಸಿದರೆ ಜನರು ಕೋಪಗೊಳ್ಳುವರೆಂಬ ಭಯ ಯಾವ ಪಕ್ಷವನ್ನೂ ಬಿಟ್ಟಿದ್ದಲ್ಲ. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿದಾಗ, ಜಿಲ್ಲಾಡಳಿತವು 5 ಕಿಲೋಮೀಟರ್ ಒಳಗಿನ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ ದರವನ್ನು ನಿಗದಿಪಡಿಸಿತು. ಅಂದರೆ 1,000 ಲೀಟರಿಗೆ 100 ರೂಪಾಯಿ! ಬಡವರ ಹೆಸರಿನಲ್ಲಿ ಕಾಯ್ದುಕೊಂಡ ಅಗ್ಗದ ದರ ನಲ್ಲಿಯುಳ್ಳವರಿಗೆ ದಕ್ಕಿತು. ನಲ್ಲಿಯಿಲ್ಲದ ಬಡವರು ಅದರ 14 ಪಟ್ಟು ತೆತ್ತರು.

ಆ ತಿಂಗಳೇ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ಕೈತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸಿತು. ಆರಂಭದ ದಿನಗಳಲ್ಲಿ 22 ಕುಟುಂಬಗಳಿಗೆ ದಂಡ ಬಿದ್ದ ವರದಿ ಬಂತು. ಕೋಟಿಗೂ ಮೀರಿದ ಜನಸಂಖ್ಯೆಯ ನಗರದಲ್ಲಿ ಪ್ರತಿಯೊಂದು ನಲ್ಲಿಗೂ ಕಾವಲಿಡುವುದು ಸಾಧ್ಯವೇ? ಬಾಗಿಲು ಮುಚ್ಚಿದ ಮನೆಯೊಳಗೆ ಕಾನೂನಿನ ಕೆಲಸವನ್ನು ಮನಃಸಾಕ್ಷಿಯೇ ಮಾಡಬೇಕು.

ಮಾಡಬಲ್ಲದು ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಸಾಕ್ಷಿ. 2018ರ ಫೆಬ್ರವರಿಯಿಂದ ಅಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರಿನ ಮಿತಿ ಜಾರಿಗೆ ಬಂತು. ಕೆಲವೇ ವರ್ಷಗಳಲ್ಲಿ ನಗರದ ಬಳಕೆ ಅರ್ಧದಷ್ಟಕ್ಕೆ ಇಳಿದು, ನಲ್ಲಿಗಳನ್ನೇ ಮುಚ್ಚಬೇಕಾದ ದಿನ ತಪ್ಪಿತು. ದಂಡ, ದರ, ಒತ್ತಡ ತಗ್ಗಿಸಿದ ಕೊಳವೆ ಎಲ್ಲವೂ ನೆರವಾದವು. ಆದರೆ ಹಸಿರು ಹುಲ್ಲುಹಾಸು ಹೆಮ್ಮೆಯ ವಿಷಯವಾಗಿದ್ದ ಬಡಾವಣೆಯಲ್ಲೇ ಅದು ನಾಚಿಕೆಯ ವಿಷಯವಾಯಿತು. ಸಾರ್ವಜನಿಕ ನಲ್ಲಿಯ ಮುಂದೆ ಸಾಲು ನಿಲ್ಲುತ್ತಿದ್ದ ಬಡವರಿಗೆ ಮಾತ್ರ ಆ ಮಿತಿ ಹೊಸದೇನೂ ಆಗಿರಲಿಲ್ಲ.

'ಕೊಳವೆ ಒಡೆದು ಸೋರುವಾಗ ನಾನೊಬ್ಬ ಉಳಿಸಿ ಏನು ಪ್ರಯೋಜನ?' ಎಂದು ಕೇಳುವವರಿದ್ದಾರೆ. ಸೋರಿಕೆಗೆ ಮಂಡಳಿಯೇ ಉತ್ತರಿಸಬೇಕು. ಅದನ್ನು ಕೇಳುವ ಹಕ್ಕು ನಮಗಿದೆ. ಆದರೆ ತನ್ನ ಛಾವಣಿಯ ಮಳೆಯನ್ನು ಚರಂಡಿಗೆ ಬಿಟ್ಟವನ ಪ್ರಶ್ನೆಗೆ ಬಲ ಕಡಿಮೆ.

ನಾವು ಕಟ್ಟುವ ಬಿಲ್ಲು ನೀರನ್ನು ಹೊತ್ತು ತಂದ ಕೂಲಿ. ನದಿಯನ್ನು ನಮಗೆ ಯಾರೂ ಮಾರಿಲ್ಲ. ಅದೇ ಕಾವೇರಿಗೆ ಮಂಡ್ಯದ ಗದ್ದೆಯೂ ತಮಿಳುನಾಡಿನ ರೈತನೂ ನಗರದ ಅಂಚಿನ ಕೂಲಿಯ ಗುಡಿಸಲೂ ಬಾಧ್ಯಸ್ಥರು. ಮುಂದಿನ ಬಾರಿ ಮಿತಬಳಕೆಯ ನಿಯಮವೊಂದು ಬಂದಾಗ ಗೊಣಗುವ ಮುನ್ನ, ಅದರಿಂದ ಯಾರ ಕೊಡ ತುಂಬುತ್ತದೆಂದು ಮನೆಮಂದಿಯೆಲ್ಲ ಕುಳಿತು ವಿಚಾರಿಸೋಣ. ಅಷ್ಟು ವಿಚಾರಿಸುವ ಮನೆಗಳು ಹೆಚ್ಚಿದರೆ, ನ್ಯಾಯವಾದ ನಿಯಮವನ್ನು ಬರೆಯಲು ಆಳುವವರಿಗೂ ಧೈರ್ಯ ಬಂದೀತು.