ಆಟಕ್ಕೆ ಕರೆದವನ ಹೊಣೆ

ಕುಸ್ತಿಗೆ ಇಳಿದವನು ಅಪಾಯಕ್ಕೆ ಅಂಜುವದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಗರಡಿಗಳಲ್ಲಿ ಬೆಳೆದ ಪೈಲವಾನನಿಗೆ ತೋಳು ತಪ್ಪೀತು, ಪಕ್ಕೆಲುಬು ಮುರಿದೀತು ಎಂಬುದು ಗೊತ್ತಿದ್ದೇ ಇರುತ್ತದೆ. ಗೊತ್ತಿದ್ದೂ ಅವನು ಮಣ್ಣು ಮುಟ್ಟಿ ನಮಸ್ಕರಿಸಿ ಕಣಕ್ಕೆ ಇಳಿಯುತ್ತಾನೆ. ಆ ಅಪಾಯ ಅವನದು. ಅದನ್ನು ಕಸಿದುಕೊಂಡರೆ ಆಟವೇ ಉಳಿಯುವದಿಲ್ಲ. ಆದರೆ ಕಣದ ಸುತ್ತಲಿನ ಒಣಹುಲ್ಲಿಗೆ ಕಿಡಿ ಬಿದ್ದರೆ? ಆ ಅಪಾಯವೂ ಅವನದೇ ಏನು?

ಅಕ್ಟೋಬರ 23ರಿಂದ ನಡೆಯುವ ಕಿತ್ತೂರು ಉತ್ಸವದ ಹೊತ್ತಿಗೆ ಮಳೆ ಈಗಷ್ಟೇ ಹಿಂದೆ ಸರಿದಿರುತ್ತದೆ. ಹುಲ್ಲಿನ ಬುಡದಲ್ಲಿ ಹಸಿ ಇನ್ನೂ ಉಳಿದಿರುತ್ತದೆ. ಭಾರತ ಹುಣ್ಣಿಮೆಯ ಮಾತೇ ಬೇರೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಜನ ಬರುವ ಕಾಲವದು. ಚಕ್ಕಡಿ, ಟ್ರ್ಯಾಕ್ಟರುಗಳ ತುಂಬ ಕಣಿಕೆ. ಅವುಗಳ ಮಗ್ಗುಲಲ್ಲೇ ಮೂರು ಕಲ್ಲಿನ ಒಲೆ. ಅಲ್ಲಿಂದ ಯುಗಾದಿ ದಾಟುವವರೆಗೂ ಊರೂರಿಗೆ ಜಾತ್ರೆ, ಜಾತ್ರೆಗೊಂದು ಕುಸ್ತಿ, ಇಲ್ಲವೆ ಚಕ್ಕಡಿ ಓಟ. ಬೆಳೆ ಕೊಯ್ದ ಹೊಲವೇ ಕಣ, ಅಂಚಿನಲ್ಲಿ ಬಣವಿ, ಬಣವಿ ಹತ್ತಿ ಕುಳಿತವರ ಬಾಯಲ್ಲಿ ಬೀಡಿ. ಗುಡ್ಡದ ಬೆಂಕಿಗೆ ಒಂದು ಲೆಕ್ಕವಿದೆ: ಇಳಿಜಾರು 10 ಡಿಗ್ರಿ ಹೆಚ್ಚಿದಂತೆ ಏರುವ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ. ಜ್ವಾಲೆಯು ಮೇಲಿನ ಹುಲ್ಲನ್ನು ಮುಟ್ಟುವ ಮೊದಲೇ ಕಾಯಿಸಿಬಿಡುತ್ತದೆ. ಓಡುವ ಮನುಷ್ಯನಾದರೋ ಏರಿನಲ್ಲಿ ನಿಧಾನ.

ಈ ಪ್ರಶ್ನೆ ನಮ್ಮ ಕಡೆಯದಷ್ಟೇ ಅಲ್ಲ. 2011ರ ಸೆಪ್ಟೆಂಬರ 2ರಂದು ಪಶ್ಚಿಮ ಆಸ್ಟ್ರೇಲಿಯದ ಕಿಂಬರ್ಲಿ ಪ್ರದೇಶದಲ್ಲಿ 100 ಕಿಲೋಮೀಟರಿನ ಓಟದ ಪಂದ್ಯ ನಡೆದಿತ್ತು. ಬಿಸಿಲು, ಬಾಯಾರಿಕೆ, ಕಲ್ಲುದಾರಿಗಳಿಗೆ ಓಟಗಾರರು ಸಿದ್ಧರಾಗಿಯೇ ಬಂದಿದ್ದರು. ಕಮರಿಯೊಂದರಲ್ಲಿ ಹುಲ್ಲಿನ ಬೆಂಕಿ ಕೆಲವರನ್ನು ಸುತ್ತುವರಿಯಿತು. ಟುರಿಯಾ ಪಿಟ್ ಎಂಬ ತರುಣಿಯ ಮೈ ನೂರಕ್ಕೆ ಅರವತ್ತಕ್ಕೂ ಹೆಚ್ಚು ಪಾಲು ಸುಟ್ಟಿತು. ಕೇಟ್ ಸ್ಯಾಂಡರ್‌ಸನ್ ಎಂಬವರಿಗೂ ಘೋರವಾದ ಸುಟ್ಟಗಾಯಗಳಾದವು. ಮರುವರ್ಷ ಆ ರಾಜ್ಯದ ಶಾಸನಸಭೆಯ ಸಮಿತಿಯು ವಿಚಾರಣೆ ನಡೆಸಿ, ಅಪಾಯವನ್ನು ತಗ್ಗಿಸಲು ತಕ್ಕ ಕ್ರಮಗಳೆಲ್ಲವನ್ನೂ ಸಂಘಟಕರು ಕೈಕೊಳ್ಳಲಿಲ್ಲವೆಂದು ಹೇಳಿತು. ತೀರ ನಮ್ಮ ನೆರೆಯಲ್ಲಿಯೇ, ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ, 2018ರ ಮಾರ್ಚ 11ರಂದು ಚಾರಣಕ್ಕೆ ಹೋದವರು ಕಾಡಿನ ಬೆಂಕಿಗೆ ಸಿಕ್ಕರು. ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು.

‘ಒಪ್ಪಿ ಬಂದವರಲ್ಲವೆ?’ ಎಂದು ಕೇಳುವವರುಂಟು. ಇಂದಿನ ಓಟಗಳಲ್ಲಿ ‘ಏನಾದರೂ ನಾನೇ ಹೊಣೆ’ ಎಂಬ ಕಾಗದಕ್ಕೆ ರುಜು ಹಾಕಿಸಿಕೊಳ್ಳುವ ವಾಡಿಕೆಯೂ ಬಂದಿದೆ. ಆದರೆ ಒಪ್ಪಿಗೆಯು ಅರಿವಿನಷ್ಟೇ ಉದ್ದ. ಗಾಳಿ ಯಾವ ಕಡೆಗಿದೆ, ಹುಲ್ಲು ಎಷ್ಟು ಒಣಗಿದೆ, ಹೊರಬೀಳಲು ದಾರಿ ಎಷ್ಟು—ಇದನ್ನು ತಿಳಿಯಲು ಅನುಕೂಲವಿದ್ದವನು ಕರೆದವನು, ಬಂದವನಲ್ಲ. ಕಾಗದಕ್ಕೆ ರುಜು ಬಿದ್ದ ಮಾತ್ರಕ್ಕೆ ಆ ತಿಳುವಳಿಕೆ ಕೈ ಬದಲಾಯಿಸುವದಿಲ್ಲ. ನಮ್ಮ ಜಾತ್ರೆಗಳಲ್ಲಿ ಕಾಗದವಿಲ್ಲ, ಅದರ ಬದಲು ‘ತಾಯಿ ಕಾಯುತ್ತಾಳೆ’ ಎಂಬ ಮಾತಿದೆ. ಮೈಲುಗಟ್ಟಲೆ ನಡೆದು ಬಂದ ಮುದುಕಿ ಹಾಗೆಂದರೆ ನಾನು ತಲೆಬಾಗುತ್ತೇನೆ. ಪಂದ್ಯ ನಡೆಸುವ ಪಂಚರು ಅದೇ ಮಾತನ್ನಾಡಿದರೆ ಅದು ಭಕ್ತಿಯೆಂದು ನನಗೆ ತೋರುವದಿಲ್ಲ.

ಮಾಡಬೇಕಾದದ್ದು ದೊಡ್ಡ ವಿದ್ಯೆಯೇನಲ್ಲ. ಕಣದ ಸುತ್ತ ನಾಲ್ಕು ಸಾಲು ನೇಗಿಲು ಹೊಡೆದು ಬರೀ ಮಣ್ಣು ಬಿಡುವದು, ಮೇವನ್ನು ದೂರವಿಡುವದು, ನೀರಿನ ಟ್ಯಾಂಕರು ನಿಲ್ಲಿಸುವದು, ಎರಡು ಕಡೆ ದಾರಿ ಬಿಡುವದು: ನಮ್ಮ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಷ್ಟವಿರುವದು ಬೇರೆ ಕಡೆ. ಗಾಳಿ ಜೋರಾದ ದಿನ ‘ಇಂದು ಕುಸ್ತಿ ಬೇಡ’ ಎನ್ನುವವನಾರು? ಹಲಗೆ ಬಾರಿಸುತ್ತಿದೆ, ಜನ ಕಿಕ್ಕಿರಿದಿದ್ದಾರೆ, ಹಾಗೆಂದವನನ್ನು ಅಂಜುಬುರುಕನೆಂದಾರು. ಅದೂ ಇರಲಿ, ಕೊಲ್ಹಾಪುರದಿಂದ ಬಂದ ಪೈಲವಾನನು ತಿಂಗಳುಗಟ್ಟಲೆ ಹಾಲು-ಬದಾಮಿಗೆ ಸಾಲ ಮಾಡಿರುತ್ತಾನೆ. ಅವನನ್ನು ಬರಿಗೈಯಲ್ಲಿ ಕಳಿಸಿ ನಾವು ವಿವೇಕಿಗಳೆನಿಸಿಕೊಳ್ಳುವದು ಯಾವ ನ್ಯಾಯ? ನಿಲ್ಲಿಸಿದ ದಿನವೂ ಗೊತ್ತುಮಾಡಿದ ಹಣದಲ್ಲಿ ಒಂದು ಪಾಲು ಕೊಡುವೆವೆಂದು ಪಂಚರು ಮೊದಲೇ ಸಾರಿದ್ದರೆ, ನಿಲ್ಲಿಸುವ ಮಾತು ಅವರ ಬಾಯಿಗೂ ಸುಲಭವಾಗಿ ಬಂದೀತು. ಆ ಹಣವನ್ನು ಜಾತ್ರೆಯ ಪಟ್ಟಿಯಲ್ಲಿಯೇ ಎತ್ತಬೇಕು. ಪಟ್ಟಿ ಕೇಳಲು ಮನೆಗೆ ಬಂದಾಗ ನಾವು ನೀವು ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡಬೇಕಾದೀತು.