ನಗೆಯ ದೋಷವೆಷ್ಟು?

ರಾಜಾಜಿನಗರದ ಶ್ರಾವಕರೊಬ್ಬರ ಮನೆಯಲ್ಲಿ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿದವರು ಟಿ.ವಿ.ಯಲ್ಲಿ ‘777 ಚಾರ್ಲಿ’ ನೋಡಿ ನಕ್ಕರೆ ದೋಷವೇ? ಹಾಸ್ಯ, ರತಿಗಳನ್ನು ಆಚಾರ್ಯರು ನೋಕಷಾಯಗಳಲ್ಲಿ ಎಣಿಸಿರುವುದು ನಿಜ. ಆದರೆ ಗೃಹಸ್ಥನು ಮುನಿಯಲ್ಲ. 2022ರ ಆ ಚಿತ್ರದಲ್ಲಿ ನಾಯಿಯ ತುಂಟಾಟವಿದೆ, ನವಿರಾದ ಪ್ರಣಯದ ಎಳೆಯಿದೆ. ಲಾಭಕ್ಕಾಗಿ ನಾಯಿಗಳನ್ನು ಹುಟ್ಟಿಸಿ ಮಾರುವವರ ಕ್ರೌರ್ಯವೂ ಇದೆ. ವ್ಯಾಪಾರಸ್ಥ ಶ್ರಾವಕರು ಗಮನಿಸಬೇಕಾದುದು ಇದನ್ನೇ.

ಆಹಾರ ಮುಟ್ಟಿತೆಂದು ಹೊಡೆತ ತಿಂದು ಸಾಯುತ್ತಿದ್ದ ನಾಯಿಗೆ ಜೀವಂಧರ ಕುಮಾರನು ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದನು. ಅದು ಸುದರ್ಶನ ಯಕ್ಷನಾಗಿ ಜನಿಸಿತು. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳೆಂಬ ಅಹಿಂಸಾಣುವ್ರತದ ಐದು ಅತಿಚಾರಗಳು ನಾಯಿಯ ವಿಷಯದಲ್ಲಿಯೂ ಅನ್ವಯಿಸುತ್ತವೆ. ತೆರೆಯ ಮೇಲಿನ ಚಾರ್ಲಿಗಾಗಿ ಮರುಗಿದವರೇ ಗೇಟಿನ ಬಳಿ ಬಂದ ಬೀದಿನಾಯಿಗೆ ಕಲ್ಲೆತ್ತಿದರೆ ಅದು ವಧ. ಸಾಕಿದ ನಾಯಿಯನ್ನು ಹಗಲೆಲ್ಲ ಸರಪಳಿಯಲ್ಲಿ ಬಿಗಿದಿಟ್ಟರೆ ಅದು ಬಂಧ.