ಸಾಕುಮಗುವಿನ ಹೆಸರು

ದಿಕ್ಕಿಲ್ಲದ ಮಗುವನ್ನು ಮನೆಗೆ ಕರತಂದು ಅನ್ನವಸ್ತ್ರಗಳನ್ನು ಕೊಡುವದು ಸತ್ಕ್ರಿಯೆಯೆಂಬದನ್ನು ನಮ್ಮಲ್ಲಿ ಯಾರೂ ಅಲ್ಲಗಳೆಯರು. ಆದರೆ ಆ ಮಗು “ನಾನು ಯಾರು?” ಎಂದು ಕೇಳುವಾಗ ನಾವು ಏನು ಉತ್ತರ ಕೊಡತಕ್ಕದ್ದು?

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. 1876ರಿಂದ 1878ರ ವರೆಗಿನ ಮಹಾಕ್ಷಾಮವು ಬಳ್ಳಾರಿ ಜಿಲ್ಲೆಯನ್ನು ಹಾಳುಮಾಡಿದಾಗ ಎಷ್ಟೋ ಮಕ್ಕಳು ಅನಾಥರಾದರು. ಕೊರೋನಾ ವ್ಯಾಧಿಯಲ್ಲಿಯೂ ಮಕ್ಕಳು ಹೆತ್ತವರನ್ನು ಕಳಕೊಂಡರು. ಅಂಥವರಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲಸೇವಾ ಯೋಜನೆಯನ್ನು ಕರ್ನಾಟಕ ಸರಕಾರವು 2021ರಲ್ಲಿ ಪ್ರಕಟಿಸಿತು. ಹಣದಿಂದ ಹೊಟ್ಟೆ ತುಂಬೀತು; ಧೈರ್ಯ ಹುಟ್ಟಲಾರದು.

ಶೇಂಗಾದ ಹೊಲದಲ್ಲಿ ಸಾಕುಮಗು ತುಸು ತಡಮಾಡಿದರೆ, “ತಿಂದ ಅನ್ನದ ಋಣವಿಲ್ಲವೋ?” ಅನ್ನುತ್ತೇವೆ. ಅದು ಹೆತ್ತವಳ ಮಾತೆತ್ತಿದರೆ, “ಅವಳನ್ನು ಮರೆತುಬಿಡು, ನಾವೇ ನಿನ್ನವರು” ಅನ್ನುತ್ತೇವೆ. ಮೊದಲನೆಯದು ಕಠಿಣವಾದ ಮಾತು, ಎರಡನೆಯದು ಪ್ರೀತಿಯ ಮಾತು. ಆದರೂ ಎರಡೂ ಮಗುವನ್ನು ಮೂಕಮಾಡುವವು.

ಹಳೇದನ್ನು ತಿಳಿಸಿದರೆ ಮಗು ನಮ್ಮನ್ನು ಬಿಟ್ಟುಹೋದೀತೆಂದು ಕೆಲವರು ಅಂಜುವರು. ಹೋಗಲೂಬಹುದು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಪೋಷಕತ್ವವು ದತ್ತಕವಲ್ಲ. ಮಕ್ಕಳ ಕಲ್ಯಾಣ ಸಮಿತಿಯು ಮಗುವನ್ನು ಸಾಕುವದಕ್ಕಾಗಿ ಒಪ್ಪಿಸುತ್ತದೆಯೇ ಹೊರತು ಹೆತ್ತವರ ಸಂಬಂಧವನ್ನು ಅಳಿಸುವದಿಲ್ಲ. ಆದಕಾರಣ ಸಾಕುವವನು ಒಡೆಯನಲ್ಲ, ಮನೆವಾರ್ತೆಯವನು.

ಮೊರ್ದೆಕೈಯನ್ನು ನೋಡೋಣ. ಅವನು ತಾಯಿತಂದೆಗಳಿಲ್ಲದ ಎಸ್ತೇರಳನ್ನು ಸಾಕಿದನು. ಅವಳು ಅರಮನೆಗೆ ಹೋದ ಮೇಲೆಯೂ ದಿನಾಲು ಅಂತಃಪುರದ ಅಂಗಳದ ಮುಂದೆ ತಿರುಗಾಡುತ್ತಾ ಅವಳ ಕ್ಷೇಮಸಮಾಚಾರವನ್ನು ವಿಚಾರಿಸುತ್ತಿದ್ದನು. ಕುಲವನ್ನು ಮರೆಮಾಡೆಂದು ಮೊದಲು ಹೇಳಿದವನೂ ಅವನೇ. ಆದರೆ ಮರೆಮಾಡಿದ್ದನ್ನು ಅವಳು ಮರೆತಿರಲಿಲ್ಲ. ಆಪತ್ತು ಬಂದಾಗ ತನ್ನ ಜನರು ಯಾರೆಂದು ಅರಸನ ಮುಂದೆ ಧೈರ್ಯವಾಗಿ ಹೇಳಿದಳು.

ನಮ್ಮ ಸಭೆಗಳಲ್ಲಿಯೂ ಸಾಕುಮಗುವಿಗೆ ಮನೆಯವರಲ್ಲದೆ ಇನ್ನೊಬ್ಬ ನಂಬಿಗಸ್ತ ಹಿರಿಯರು ಜೊತೆಗಾರರಾಗಿರಲಿ. ವಾರಕ್ಕೊಮ್ಮೆ, ಮನೆಯವರಿಗೆ ತಿಳಿದು, ನಾಲ್ಕು ಜನರ ಕಣ್ಣೆದುರಿಗೆ, ಮಗುವಿನ ಸಂಗಡ ಕೂತು ಮಾತಾಡಲಿ. ಹೆತ್ತವರ ಹೆಸರನ್ನೂ ಊರನ್ನೂ ಕೇಳಿದರೆ ಅದರ ವಯಸ್ಸಿಗೆ ತಕ್ಕಂತೆ ನಿಜವನ್ನೇ ಹೇಳಲಿ. ಆರಾಧನೆಯಲ್ಲಿ ಸತ್ಯವೇದದ ಪಾಠವನ್ನೋದುವ ಕೆಲಸವನ್ನು ಅದಕ್ಕೂ ಕೊಡಲಿ. ತಪ್ಪಿದರೆ ನಗದೆ ತಿದ್ದಲಿ.

ದೇವರು ನಮ್ಮನ್ನು ಕೃಪೆಯಿಂದ ಮಕ್ಕಳಾಗಿ ಸ್ವೀಕರಿಸಿದನಲ್ಲವೇ? ನಾವು ಉಂಡ ತುತ್ತುಗಳನ್ನು ಆತನು ದಿನಾಲು ಎಣಿಸಿ ಹೇಳುವದಿಲ್ಲ. ನಾವು ಸಾಕುವ ಮಗುವಿಗೆ ಎಣಿಸಿ ಹೇಳುವದು ಹೇಗೆ ನ್ಯಾಯವಾದೀತು?